ಇಮೊಜೆನ್: ಹೆಸರಿನ ಹುಟ್ಟು, ಹೆಸರಿನ ಬಾಳು

ಇಂಗ್ಲಿಷರು ತಮ್ಮ ಮಕ್ಕಳಿಗೆ ಇಡುವ ಹೆಸರುಗಳನ್ನೂ ಅವುಗಳ ಅರ್ಥವನ್ನೂ ಕೊಡುವ ನಾಮಕೋಶಗಳು ಹಲವಿವೆ. ಅವುಗಳಲ್ಲಿ ‘ಇಮೊಜೆನ್’ ಎಂಬ ಹೆಣ್ಣುಹೆಸರನ್ನು ಹುಡುಕಿದರೆ ಎದುರಿಗೆ ಸಾಮಾನ್ಯವಾಗಿ ಕಾಣುವುದು ಒಂದೇ ಮಾತು: ಕನ್ಯೆ, ಕೆಲ್ಟಿಕ್ ಮೂಲದ್ದು. ಓದುಗ ತೃಪ್ತನಾಗಿ ಪುಟ ಮಗುಚುತ್ತಾನೆ. ಹೆಸರಿಗೊಂದು ಅರ್ಥ ಸಿಕ್ಕಿತು, ಅರ್ಥಕ್ಕೊಂದು ತವರು ಸಿಕ್ಕಿತು, ಇನ್ನೇನು ಬೇಕು? ಆದರೆ ಈ ಒಂದು ಸಾಲಿನೊಳಗೆ ಎರಡು ಊಹೆಗಳು ಒಂದರ ಹೆಗಲ ಮೇಲೊಂದು ಕುಳಿತಿವೆ. ಆ ಊಹೆಗಳ ಹಿಂದೆ ನಾಲ್ಕು ಶತಮಾನ ಹಳೆಯದಾದ ಒಂದು ಪಾಠದ ತೊಡಕು ಇದೆ. ಆ ತೊಡಕಿನ ಹಿಂದೆ ಷೇಕ್ಸ್‌ಪಿಯರನ ನಾಯಿಕೆಯೊಬ್ಬಳು ನಿಂತಿದ್ದಾಳೆ.

ಷೇಕ್ಸ್‌ಪಿಯರನನ್ನೂ ಹೆಸರನ್ನೂ ಒಟ್ಟಿಗೆ ಎತ್ತಿದೊಡನೆ ಗುಲಾಬಿಯ ಮಾತನ್ನು ನೆನೆಯುವುದು ನಮ್ಮಂಥ ಉಪನ್ಯಾಸಕರ ವಾಡಿಕೆ. ಅದನ್ನು ಇಲ್ಲಿ ಬಿಟ್ಟುಬಿಡುತ್ತೇನೆ. ಹದಿನಾಲ್ಕು ತುಂಬದ ಪ್ರಣಯಿನಿಯೊಬ್ಬಳು ರಾತ್ರಿಯ ಹೊತ್ತು ಆಡಿದ ಮಾತನ್ನು ಕವಿಯ ಸಿದ್ಧಾಂತವೆಂದು ಹಿಡಿಯುವುದು ನ್ಯಾಯವಲ್ಲ. ಹೆಸರುಗಳ ವಿಷಯದಲ್ಲಿ ಕವಿಯ ಮನಸ್ಸು ಹೇಗೆ ಓಡುತ್ತಿತ್ತೆಂದು ತಿಳಿಯಬೇಕಾದರೆ ಅವನ ಕೊನೆಯ ಕಾಲದ ‘ಸಿಂಬೆಲಿನ್’ ನಾಟಕವನ್ನು ನೋಡಬೇಕು. ಇಮೊಜೆನ್ ಎಂಬ ಹೆಸರು ಲೋಕಕ್ಕೆ ಬಂದದ್ದು ಆ ನಾಟಕದಿಂದಲೇ.

‘ಸಿಂಬೆಲಿನ್’ ನಮ್ಮಲ್ಲಿ ಹ್ಯಾಮ್ಲೆಟ್, ಒಥೆಲೊಗಳಷ್ಟು ಪರಿಚಿತವಾದ ನಾಟಕವಲ್ಲ. ಆದುದರಿಂದ ಕಥೆಯನ್ನು ಸಂಕ್ಷೇಪವಾಗಿ ಹೇಳುವುದು ಒಳಿತು. ರೋಮನರ ಕಾಲದ ಬ್ರಿಟನ್ನಿನ ರಾಜ ಸಿಂಬೆಲಿನ್. ಅವನ ಮಗಳು ಇಮೊಜೆನ್ ತಂದೆಯ ಇಷ್ಟಕ್ಕೆ ವಿರುದ್ಧವಾಗಿ ಪಾಸ್ಟ್ಯುಮಸ್ ಲಿಯೊನೇಟಸ್ ಎಂಬ ಗುಣವಂತನಾದ ಬಡವನನ್ನು ಮದುವೆಯಾಗಿದ್ದಾಳೆ. ರಾಜ ಅಳಿಯನನ್ನು ದೇಶದಿಂದ ಹೊರಗಟ್ಟುತ್ತಾನೆ. ರೋಮಿಗೆ ಹೋದ ಗಂಡ ಐಯಾಕಿಮೊ ಎಂಬ ಧೂರ್ತನೊಡನೆ ಹೆಂಡತಿಯ ಶೀಲದ ಮೇಲೆ ಪಣ ಕಟ್ಟುತ್ತಾನೆ. ಈ ಪಣದ ಕಥೆ ಬೊಕಾಚಿಯೊವಿನ ಡೆಕಮೆರಾನಿನಲ್ಲಿಯೂ ಉಂಟು. ಧೂರ್ತ ಪೆಟ್ಟಿಗೆಯೊಳಗೆ ಅಡಗಿ ಅವಳ ಶಯನಗೃಹವನ್ನು ಸೇರುತ್ತಾನೆ. ಮಲಗಿದ್ದವಳ ಎದೆಯ ಮೇಲಿನ ಮಚ್ಚೆಯನ್ನು ನೋಡಿಕೊಳ್ಳುತ್ತಾನೆ. ಕೈಯ ಕಡಗವನ್ನು ಕದ್ದು ಗಂಡನ ಮುಂದೆ ಹಿಡಿಯುತ್ತಾನೆ. ಗಂಡ ನಂಬುತ್ತಾನೆ, ಅವಳನ್ನು ಕೊಲ್ಲೆಂದು ಸೇವಕನಿಗೆ ಆಜ್ಞೆ ಕಳುಹಿಸುತ್ತಾನೆ. ಸೇವಕನಿಗೆ ಕೈಬರುವುದಿಲ್ಲ. ಅವಳು ಗಂಡುವೇಷ ತೊಟ್ಟು, ಫಿಡೇಲ್ ಎಂದು ಹೆಸರಿಟ್ಟುಕೊಂಡು, ವೇಲ್ಸಿನ ಬೆಟ್ಟಗಳಲ್ಲಿ ಅಲೆದು, ಎಂದೋ ಕಳೆದುಹೋಗಿದ್ದ ತನ್ನ ಸಹೋದರರ ಗುಹೆಯನ್ನೇ ಅರಿಯದೆ ಸೇರುತ್ತಾಳೆ. ಅಲ್ಲಿಂದ ಮುಂದೆ ಮರಣದಂಥ ನಿದ್ರೆ, ಯುದ್ಧ, ಗುರುತುಗಳ ಬಿಡುಗಡೆ, ಕೊನೆಗೆ ಮಂಗಳ.

ಈ ನಾಟಕ ಕವಿಯ ಜೀವಿತಕಾಲದಲ್ಲಿ ಅಚ್ಚಾಗಲಿಲ್ಲ. ಅವನು ತೀರಿಕೊಂಡದ್ದು 1616ರಲ್ಲಿ. ಏಳು ವರ್ಷಗಳ ಮೇಲೆ, 1623ರಲ್ಲಿ, ಅವನ ರಂಗಮಿತ್ರರಾದ ಹೆಮಿಂಜ್ ಮತ್ತು ಕಾಂಡೆಲ್ ಎಂಬವರು 36 ನಾಟಕಗಳನ್ನು ಒಂದು ದೊಡ್ಡ ಸಂಪುಟವಾಗಿ ಹೊರತಂದರು. ವಿದ್ವಾಂಸರು ಅದನ್ನು ಫಸ್ಟ್ ಫೋಲಿಯೊ ಎಂದು ಕರೆಯುತ್ತಾರೆ. ಅದರ ಕಟ್ಟಕಡೆಯ ನಾಟಕವೇ ‘ಸಿಂಬೆಲಿನ್’. ನಮಗೆ ಉಳಿದಿರುವ ಮೂಲಪಾಠ ಇದೊಂದೇ. ತಾಳೆ ನೋಡಲು ಇನ್ನೊಂದು ಪ್ರತಿಯಿಲ್ಲ. ಈ ಪಾಠದಲ್ಲಿ ನಾಯಿಕೆಯ ಹೆಸರು ಮೊದಲಿನಿಂದ ಕೊನೆಯವರೆಗೆ ಇಮೊಜೆನ್ ಎಂದೇ ಇದೆ. ಇಂಗ್ಲಿಷಿನಲ್ಲಿ ಈ ಹೆಸರಿಗೆ ಇದಕ್ಕಿಂತ ಹಳೆಯ ಗಟ್ಟಿಯಾದ ಆಧಾರ ಸಿಕ್ಕುವುದಿಲ್ಲ.

ಆದರೆ ಸಾಕ್ಷಿಯೊಬ್ಬನಿದ್ದಾನೆ. ಸೈಮನ್ ಫೋರ್ಮನ್ ಎಂಬ ಜ್ಯೋತಿಷಿ ಮತ್ತು ವೈದ್ಯ ಲಂಡನ್ನಿನಲ್ಲಿದ್ದ. ತಾನು ನೋಡಿದ ನಾಟಕಗಳ ವಿಚಾರವನ್ನು ಅವನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದ. 1611ರಲ್ಲಿ ಮ್ಯಾಕ್‌ಬೆತ್, ವಿಂಟರ್ಸ್ ಟೇಲ್‌ಗಳನ್ನು ನೋಡಿದ್ದನ್ನು ಬರೆದಿದ್ದಾನೆ. ಸಿಂಬೆಲಿನ್ ನೋಡಿದ್ದನ್ನೂ ಬರೆದಿದ್ದಾನೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವನು ತೀರಿಕೊಂಡ. ಆ ಹಸ್ತಪ್ರತಿ ಇಂದಿಗೂ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಅದರಲ್ಲಿ ಅವನು ಬರೆದಿರುವ ನಾಯಿಕೆಯ ಹೆಸರು ಇಮೊಜೆನ್ ಅಲ್ಲ, ಇನ್ನೊಜೆನ್. ಅಚ್ಚಾಗುವುದಕ್ಕೆ ಹನ್ನೆರಡು ವರ್ಷ ಮೊದಲು, ನಟರ ಬಾಯಿಂದ ಆ ಹೆಸರನ್ನು ಕೇಳಿದವನ ಬರಹ ಇದು.

ಇನ್ನೂ ಎರಡು ಸಾಕ್ಷ್ಯಗಳಿವೆ. ಷೇಕ್ಸ್‌ಪಿಯರ್ ತನ್ನ ಚಾರಿತ್ರಿಕ ನಾಟಕಗಳಿಗೆಲ್ಲ ಮೊರೆಹೊಕ್ಕದ್ದು ಹಾಲಿನ್‌ಷೆಡ್ ಎಂಬವನ ಹೆಸರಿನಲ್ಲಿ ಬಂದ ದೇಶವೃತ್ತಾಂತವನ್ನು. ಅದು 1577ರಲ್ಲಿ ಮೊದಲು ಬಂದು 1587ರಲ್ಲಿ ಎರಡನೆಯ ಸಲ ಅಚ್ಚಾಯಿತು. ಬ್ರಿಟನ್ನಿಗೆ ಆ ಹೆಸರು ಬರಲು ಕಾರಣನಾದನೆಂದು ಪುರಾಣ ಹೇಳುವ ಬ್ರೂಟನ ಕಥೆ ಅದರಲ್ಲಿದೆ. ಆ ಬ್ರೂಟನ ಹೆಂಡತಿಯ ಹೆಸರು ಇನ್ನೊಜೆನ್. ಅದೇ ಪ್ರಕರಣದಲ್ಲಿ ಬ್ರೂಟನ ಪೂರ್ವಜರ ನಡುವೆ ಪಾಸ್ಟ್ಯುಮಸ್ ಎಂಬ ಹೆಸರೂ ಬರುತ್ತದೆ. ನಾಯಕ ನಾಯಿಕೆಯರ ಹೆಸರುಗಳೆರಡೂ ಒಂದೇ ಕಡೆ ಸಿಕ್ಕುವಾಗ, ಕವಿ ಅವನ್ನು ಅಲ್ಲಿಂದಲೇ ಎತ್ತಿಕೊಂಡನೆಂದರೆ ತಪ್ಪಾಗಲಾರದು.

ಇನ್ನೊಂದು ಸಾಕ್ಷ್ಯ ಕವಿಯ ಕೈಯಿಂದಲೇ ಬಂದದ್ದು. ‘ಮಚ್ ಅಡೊ ಅಬೌಟ್ ನಥಿಂಗ್’ ಎಂಬ ವಿನೋದ ನಾಟಕ 1600ರಲ್ಲಿ ಅಚ್ಚಾಯಿತು. ಅದರ ಮೊಟ್ಟಮೊದಲ ರಂಗಸೂಚನೆಯಲ್ಲಿ ಮೆಸೀನದ ಅಧಿಪತಿ ಲಿಯೊನಾಟೊ, ಅವನ ಹೆಂಡತಿ ಇನ್ನೊಜೆನ್, ಮಗಳು ಹೀರೊ ಪ್ರವೇಶಿಸುತ್ತಾರೆಂದಿದೆ. ಈ ಹೆಂಡತಿಗೆ ನಾಟಕದಲ್ಲಿ ಒಂದು ಮಾತೂ ಇಲ್ಲ. ಮಗಳನ್ನು ಮದುವೆಯ ಚಪ್ಪರದಲ್ಲೇ ಕುಲಟೆಯೆಂದು ಜರೆದಾಗಲೂ ತಾಯಿ ಬಾಯಿ ತೆರೆಯುವುದಿಲ್ಲ; ಅವಳು ಅಲ್ಲಿ ಇದ್ದಾಳೆಂದು ಯಾರೂ ಹೇಳುವುದೂ ಇಲ್ಲ. ಈ ಮೂಕ ತಾಯಿಯನ್ನು ಸಂಪಾದಕರು ಹದಿನೆಂಟನೆಯ ಶತಮಾನದಲ್ಲಿಯೇ ಪಾಠದಿಂದ ತೆಗೆದುಬಿಟ್ಟರು. ಲಿಯೊನಾಟೊವಿನ ಹೆಂಡತಿ ಇನ್ನೊಜೆನ್, ಲಿಯೊನೇಟಸನ ಹೆಂಡತಿ ಇಮೊಜೆನ್: ಈ ಜೋಡಿಯ ಹೋಲಿಕೆ ಆಕಸ್ಮಿಕವೆಂದು ನಂಬುವುದು ಕಷ್ಟ. ಒಂದು ನಾಟಕದಲ್ಲಿ ಬಳಕೆಯಾಗದೆ ಉಳಿದ ಹೆಸರನ್ನು ಕವಿ ಹತ್ತು ವರ್ಷ ಮನಸ್ಸಿನಲ್ಲಿಟ್ಟುಕೊಂಡು ಇನ್ನೊಂದು ನಾಟಕದಲ್ಲಿ ಬಾಯಿ ಕೊಟ್ಟನೆಂದು ನನಗೆ ತೋರುತ್ತದೆ.

ಹಾಗಾದರೆ ಇನ್ನೊಜೆನ್ ಇಮೊಜೆನ್ ಆದದ್ದು ಹೇಗೆ? ಹಸ್ತಪ್ರತಿಗಳ ಪರಿಚಯವಿದ್ದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಅಂದಿನ ಇಂಗ್ಲಿಷ್ ಬರವಣಿಗೆಯಲ್ಲಿ ‘ಎನ್’ ಅಕ್ಷರವೆಂದರೆ ಎರಡು ಗಿಡ್ಡ ಗೀಟು; ‘ಎಮ್’ ಎಂದರೆ ಮೂರು ಗೀಟು. ಎರಡು ‘ಎನ್’ ಒಟ್ಟಿಗೆ ಬಂದರೆ ನಾಲ್ಕು ಗೀಟು ಸಾಲಾಗಿ ನಿಲ್ಲುತ್ತವೆ. ನಾಲ್ಕನ್ನು ಮೂರೆಂದು ಓದಿದರೆ ಇನ್ನೊಜೆನ್ ಇಮೊಜೆನ್ ಆಗುತ್ತಾಳೆ. ತರಗತಿಯಲ್ಲಿ ಗ್ರಂಥಸಂಪಾದನೆಯ ಪಾಠ ಹೇಳುವಾಗ ನಾನು ಈ ಉದಾಹರಣೆಯನ್ನು ಕೊಡುವುದುಂಟು. ನಮ್ಮ ಓಲೆಗರಿಗಳಲ್ಲಿ ವಕಾರ ಮಕಾರಗಳು ಒಂದನ್ನೊಂದು ಹೋಲುತ್ತವೆ. ಎಕಾರ ಒಕಾರಗಳ ಹ್ರಸ್ವದೀರ್ಘ ತಿಳಿಯುವುದಿಲ್ಲ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ 1964ರಲ್ಲಿ ಬಂದಂದಿನಿಂದ ನಮ್ಮ ವಿದ್ಯಾರ್ಥಿಗಳಿಗೆ ಲಿಪಿಕಾರನ ಕೈತಪ್ಪುಗಳ ಪರಿಚಯ ಚೆನ್ನಾಗಿ ಆಗಿದೆ. ಕೈ ತಪ್ಪುವ ರೀತಿ ಥೇಮ್ಸ್ ತೀರದಲ್ಲಾದರೂ ತುಂಗೆಯ ತೀರದಲ್ಲಾದರೂ ಒಂದೇ.

ಎದುರು ವಾದವನ್ನೂ ಕೇಳಬೇಕು. ಒಂದು ಕಡೆ ತಪ್ಪಿದರೆ ತಪ್ಪು ಎನ್ನಬಹುದು. ನಾಟಕದುದ್ದಕ್ಕೂ ಒಂದೇ ಬಗೆಯಾಗಿ ಬಂದಿರುವುದನ್ನು ತಪ್ಪೆನ್ನುವುದು ಹೇಗೆ? ಫೋರ್ಮನ್ ಬಹು ನಂಬತಕ್ಕ ಸಾಕ್ಷಿಯೂ ಅಲ್ಲ. ಮ್ಯಾಕ್‌ಬೆತ್ ವಿಚಾರ ಬರೆಯುವಾಗ ಅವನು ರಂಗದ ಮೇಲೆ ಕಂಡುದಕ್ಕೆ ಹಾಲಿನ್‌ಷೆಡ್ಡಿನಲ್ಲಿ ಓದಿದ್ದನ್ನು ಬೆರೆಸಿದಂತೆ ಕಾಣುತ್ತದೆ. ಇಲ್ಲಿಯೂ ಕೇಳಿದ ಹೊಸ ಹೆಸರಿಗೆ ಬದಲಾಗಿ ತಾನು ಓದಿದ್ದ ಹಳೆಯ ಹೆಸರನ್ನು ಬರೆದಿರಬಾರದೇಕೆ? ಕವಿಯೇ ಕಿವಿಗೆ ಇಂಪಾಗಲೆಂದು ಹೆಸರನ್ನು ತಿದ್ದಿಕೊಂಡಿರಬಾರದೇಕೆ? ಈ ಪ್ರಶ್ನೆಗಳು ಹಗುರವಾದುವಲ್ಲ. ಆದರೆ ಮೊದಲನೆಯದಕ್ಕೆ ಉತ್ತರ ಸುಲಭ. ಅಚ್ಚಿಗಾಗಿ ಶುದ್ಧಪ್ರತಿ ಬರೆದವನು ಹೆಸರನ್ನು ಮೊದಲು ತಪ್ಪಾಗಿ ಓದಿಕೊಂಡನೆಂದರೆ, ಮುಂದೆ ಎಲ್ಲ ಕಡೆಯೂ ಶ್ರದ್ಧೆಯಿಂದ ಅದನ್ನೇ ಬರೆಯುತ್ತಾನೆ. ಶ್ರದ್ಧಾವಂತನ ತಪ್ಪು ಒಂದೇ ಬಗೆಯಾಗಿರುತ್ತದೆ. ಉಳಿದ ಎರಡು ಪ್ರಶ್ನೆಗಳಿಗೆ ಹಾಲಿನ್‌ಷೆಡ್, ಮೂಕ ತಾಯಿ, ಪ್ರೇಕ್ಷಕ ಈ ಮೂವರೂ ಬೇರೆ ಬೇರೆ ದಿಕ್ಕಿನಿಂದ ಬಂದು ಒಂದೇ ಹೆಸರನ್ನು ಹೇಳುತ್ತಿದ್ದಾರೆಂಬುದೇ ಸಾಕಷ್ಟು ಉತ್ತರ. ಕವಿ ಬರೆದದ್ದು ಇನ್ನೊಜೆನ್ ಎಂದೇ ನನ್ನ ತೀರ್ಮಾನ. ಸ್ಟ್ಯಾನ್ಲಿ ವೆಲ್ಸ್ ಮತ್ತು ಗ್ಯಾರಿ ಟೇಲರ್ ಸಂಪಾದಿಸಿದ ಆಕ್ಸ್‌ಫರ್ಡ್ ಆವೃತ್ತಿ 1986ರಲ್ಲಿ ಹಾಗೆಯೇ ತಿದ್ದಿತು. ಆಮೇಲೆ ಹಲವು ಸಂಪಾದಕರು ಅದೇ ಹಾದಿ ಹಿಡಿದರು.

ಇನ್ನು ‘ಕನ್ಯೆ’ ಎಂಬ ಅರ್ಥದ ಮಾತು. ಗೇಲಿಕ್ ಭಾಷೆಯಲ್ಲಿ ಮಗಳು, ಹುಡುಗಿ ಎಂಬ ಅರ್ಥ ಕೊಡುವ ಶಬ್ದವೊಂದುಂಟು. ಹಳೆಯ ಐರಿಷಿನಲ್ಲಿ ಅದರ ರೂಪ ‘ಇಂಗೆನ್’. ಇನ್ನೊಜೆನ್ ಇದರಿಂದ ಬಂದಿರಬೇಕೆಂದು ನಿಘಂಟುಕಾರರ ಊಹೆ. ಧ್ವನಿಯ ಹೋಲಿಕೆಯೇನೋ ಇದೆ. ಆದರೆ ಈ ಹೆಸರನ್ನು ಹೊತ್ತ ಮೊದಲ ಹೆಂಗಸು ಯಾರು? ಮಾನ್ಮತ್ ಊರಿನ ಜೆಫ್ರಿ ಹನ್ನೆರಡನೆಯ ಶತಮಾನದಲ್ಲಿ ಲ್ಯಾಟಿನ್ನಿನಲ್ಲಿ ಬರೆದ ಬ್ರಿಟನ್ನಿನ ರಾಜರ ಚರಿತ್ರೆಯಲ್ಲಿ ಅವಳು ಬರುತ್ತಾಳೆ. ಅಲ್ಲಿ ಅವಳ ಹೆಸರು ಇಗ್ನೋಗೆ. ಅವಳು ಪಾಂಡ್ರಾಸಸ್ ಎಂಬ ಗ್ರೀಕ್ ಅರಸನ ಮಗಳು. ಸ್ಪೆನ್ಸರ್ ಕವಿ 1590ರಲ್ಲಿ ಪ್ರಕಟಿಸಿದ ತನ್ನ ‘ಫೇರಿ ಕ್ವೀನ್’ ಕಾವ್ಯದಲ್ಲಿ ಅವಳನ್ನು ಇಟಲಿಯವಳನ್ನಾಗಿ ಮಾಡಿದ. ಗ್ರೀಸಿನವಳು, ಇಟಲಿಯವಳು ಎಂದು ಹೇಳಿದವರುಂಟು. ಇವರಿಬ್ಬರಲ್ಲಿ ಯಾರೂ ಅವಳನ್ನು ಕೆಲ್ಟಿಕ್ ಕುಲದವಳೆಂದು ಕರೆಯಲಿಲ್ಲ. ಹೀಗೆ, ಇಮೊಜೆನ್ ಎಂಬುದು ಇನ್ನೊಜೆನ್ ಎಂಬುದರ ತಪ್ಪು ರೂಪ ಎಂಬುದು ಮೊದಲ ಊಹೆ. ಇನ್ನೊಜೆನ್ ಗೇಲಿಕ್ ಮೂಲದ್ದು ಎಂಬುದು ಅದರ ಮೇಲೆ ಕುಳಿತ ಎರಡನೆಯ ಊಹೆ. ಮೊದಲನೆಯದಕ್ಕೆ ಬಲವಾದ ಆಧಾರವಿದೆ. ಎರಡನೆಯದಕ್ಕೆ ಇರುವುದು ಧ್ವನಿಸಾಮ್ಯ ಮಾತ್ರ. ನಾಮಕೋಶ ಎರಡನ್ನೂ ಕೂಡಿಸಿ ‘ಕನ್ಯೆ’ ಎಂದು ಒಂದೇ ಉಸಿರಿಗೆ ಹೇಳಿಬಿಡುತ್ತದೆ.

ಇಷ್ಟಾದರೆ ಇದು ಬರಿಯ ಪಂಡಿತರ ಜಗಳ. ಇದನ್ನು ನಾನು ವಿಮರ್ಶೆಯ ಪ್ರಶ್ನೆಯೆಂದು ಎತ್ತಿಕೊಂಡದ್ದಕ್ಕೆ ಕಾರಣ ನಾಟಕದ ಒಳಗೇ ಇದೆ. ‘ಸಿಂಬೆಲಿನ್’ ಹೆಸರುಗಳ ಅರ್ಥದಲ್ಲಿ ಮುಳುಗಿಹೋದ ನಾಟಕ. ತಂದೆ ಸತ್ತ ಮೇಲೆ ಹುಟ್ಟಿದವನಾದ್ದರಿಂದ ನಾಯಕ ಪಾಸ್ಟ್ಯುಮಸ್; ತಂದೆಯ ಪರಾಕ್ರಮಕ್ಕೆ ಸಿಕ್ಕಿದ ಬಿರುದಿನಿಂದ ಅವನು ಲಿಯೊನೇಟಸ್, ಎಂದರೆ ಸಿಂಹಜಾತ. ಕಳೆದುಹೋದ ರಾಜಕುಮಾರರು ಬೇರೆ ಹೆಸರಿನಲ್ಲಿ ಬೆಳೆಯುತ್ತಾರೆ. ರಾಜಕುಮಾರಿ ವೇಷ ಹಾಕಿದಾಗ ಫಿಡೇಲ್ ಆಗುತ್ತಾಳೆ. ನಿಷ್ಠೆಯುಳ್ಳವನು ಎಂದು ಅದರ ಅರ್ಥ. ರೋಮನ್ ಸೇನಾನಿ ಲೂಷಿಯಸ್ ಆ ಹೆಸರನ್ನು ಕೇಳಿದೊಡನೆ, ಹೆಸರಿಗೆ ನಡತೆಯೂ ನಡತೆಗೆ ಹೆಸರೂ ಒಪ್ಪಿವೆಯೆಂದು ಮೆಚ್ಚುತ್ತಾನೆ.

ಕೊನೆಯ ಅಂಕದಲ್ಲಂತೂ ಒಬ್ಬ ಕಾರ್ತಾಂತಿಕ ನಮ್ಮ ಮುಂದೆ ನಿಂತು ನಿರುಕ್ತವನ್ನೇ ಹೇಳುತ್ತಾನೆ. ದೇವವಾಣಿಯ ಫಲಕವೊಂದರಲ್ಲಿ ಸಿಂಹದ ಮರಿಯನ್ನು ಮೃದುವಾದ ಗಾಳಿ ಅಪ್ಪಿಕೊಳ್ಳುವುದೆಂದು ಬರೆದಿರುತ್ತದೆ. ಸಿಂಹದ ಮರಿ ಲಿಯೊನೇಟಸ್ ಎಂದು ಅವನು ಬಿಡಿಸುತ್ತಾನೆ. ಮೃದುವಾದ ಗಾಳಿಗೆ ಲ್ಯಾಟಿನ್ನಿನಲ್ಲಿ ‘ಮೊಲ್ಲಿಸ್ ಏಯರ್’, ಅದರಿಂದ ‘ಮುಲಿಯೆರ್’, ಮುಲಿಯೆರ್ ಎಂದರೆ ಹೆಂಡತಿ, ಆ ಹೆಂಡತಿಯೇ ಈಕೆ ಎಂದು ರಾಜಕುಮಾರಿಯತ್ತ ತೋರಿಸುತ್ತಾನೆ. ಈ ವ್ಯುತ್ಪತ್ತಿಯನ್ನು ಯಾವ ಭಾಷಾಶಾಸ್ತ್ರಜ್ಞನೂ ಒಪ್ಪಲಾರ. ಆದರೆ ಎರಡು ಸಂಗತಿಗಳನ್ನು ಸಹೃದಯರು ಗಮನಿಸಬೇಕು. ನಾಟಕದಲ್ಲಿ ಇಷ್ಟೊಂದು ಹೆಸರುಗಳಿಗೆ ಅರ್ಥ ಹೇಳಿದ ಕವಿ ನಾಯಿಕೆಯ ಸ್ವಂತ ಹೆಸರಿಗೆ ಎಲ್ಲಿಯೂ ಅರ್ಥ ಹೇಳುವುದಿಲ್ಲ. ಅವಳನ್ನು ಗುರುತಿಸಬೇಕಾಗಿ ಬಂದಾಗ ಕಾರ್ತಾಂತಿಕ ಅವಳ ಹೆಸರನ್ನು ಬಿಟ್ಟು ‘ಹೆಂಡತಿ’ ಎಂಬ ಶಬ್ದವನ್ನು ಬಿಡಿಸುತ್ತಾನೆ. ನಾಮಕೋಶ ‘ಕನ್ಯೆ’ ಎನ್ನುತ್ತದೆ. ನಾಟಕ ‘ಹೆಂಡತಿ’ ಎನ್ನುತ್ತದೆ. ತೆರೆ ಏಳುವ ಹೊತ್ತಿಗೇ ಅವಳ ಮದುವೆ ಆಗಿಹೋಗಿದೆ. ಅವಳ ಸಂಕಟ, ಅವಳ ಹಿರಿಮೆ ಎಲ್ಲವೂ ದಾಂಪತ್ಯದಲ್ಲಿ ಇರುವಂಥವು. ಕೋಶದ ಅರ್ಥವನ್ನು ಹಿಡಿದು ನಾಟಕದೊಳಕ್ಕೆ ಹೋದವನು ಬಾಗಿಲಲ್ಲೇ ಎಡವುತ್ತಾನೆ.

ಹಾಗಾದರೆ ಹುಟ್ಟನ್ನು ಹುಡುಕುವುದರಿಂದ ಪ್ರಯೋಜನವಿಲ್ಲವೆ? ಇದೆ. ಜೆಫ್ರಿಯ ಇಗ್ನೋಗೆ ಗಂಡನೊಡನೆ ಹಡಗು ಹತ್ತಿ ತವರನ್ನು ಬಿಟ್ಟು ಹೋಗುವ ಸನ್ನಿವೇಶ ಬಹಳ ಮನೋಹರವಾದುದು. ಅವಳು ಹಡಗಿನ ಹಿಂಭಾಗದಲ್ಲಿ ನಿಂತು, ಮತ್ತೆ ಮತ್ತೆ ಮೂರ್ಛೆ ಹೋಗುತ್ತ, ಕಣ್ಣಿಗೆ ಕಾಣುವವರೆಗೂ ತೀರದಿಂದ ದೃಷ್ಟಿಯನ್ನು ಕೀಳುವುದಿಲ್ಲ. ಷೇಕ್ಸ್‌ಪಿಯರನ ನಾಯಿಕೆಯೂ ಹಡಗೊಂದನ್ನು ನೋಡುತ್ತಾಳೆ. ಆದರೆ ಕಣ್ಣಿನಿಂದಲ್ಲ, ಕಲ್ಪನೆಯಿಂದ. ಗಂಡ ಹಡಗು ಹತ್ತಿದ್ದನ್ನು ನೋಡಿಬಂದ ಸೇವಕನನ್ನು ಕಾಡಿ ಬೇಡಿ ಕೇಳುತ್ತಾಳೆ. ತಾನಾಗಿದ್ದರೆ ಅವನ ಆಕಾರ ಸೂಜಿಮೊನೆಯಷ್ಟಾಗುವವರೆಗೆ, ಸೊಳ್ಳೆಯಷ್ಟಾಗಿ ಗಾಳಿಯಲ್ಲಿ ಕರಗುವವರೆಗೆ ನೋಡುತ್ತಿದ್ದೆನೆಂದೂ ಆಮೇಲಷ್ಟೆ ಕಣ್ಣು ತಿರುಗಿಸಿ ಅಳುತ್ತಿದ್ದೆನೆಂದೂ ಹೇಳುತ್ತಾಳೆ. ಕವಿ ಜೆಫ್ರಿಯನ್ನು ಓದಿದ್ದನೆಂದು ನಾನು ವಾದಿಸುವುದಿಲ್ಲ. ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿರೆಂದಷ್ಟೇ ಹೇಳುತ್ತೇನೆ. ಹಳೆಯ ಇನ್ನೊಜೆನ್ ಗಂಡನ ತೋಳಿನಲ್ಲಿದ್ದು ತವರಿಗಾಗಿ ಅತ್ತಳು. ಹೊಸಬಳು ತವರಿನಲ್ಲಿದ್ದು ಗಂಡನಿಗಾಗಿ ಅಳುತ್ತಾಳೆ. ತೀರ ದೂರವಾಗುವುದೊಂದೇ ಎರಡಕ್ಕೂ ಸಮಾನ. ಹೆಸರಿನ ಹುಟ್ಟನ್ನು ಹುಡುಕುತ್ತ ಹೋದವನಿಗೆ ಕಾವ್ಯದ ಇಂಥದೊಂದು ಕಿಟಕಿ ತೆರೆಯುವುದಾದರೆ ಆ ಶ್ರಮ ವ್ಯರ್ಥವಲ್ಲ.

ಆದರೆ ಅವಳ ಹೆಸರಿಗೆ ನಿಜವಾದ ಅರ್ಥ ಬರುವುದು ನಾಲ್ಕನೆಯ ಅಂಕದಲ್ಲಿ. ಮದ್ದಿನ ನಿದ್ರೆಯಿಂದ ಎದ್ದವಳ ಪಕ್ಕದಲ್ಲಿ ತಲೆಯಿಲ್ಲದ ಹೆಣ. ಅದು ಅವಳನ್ನು ಪೀಡಿಸಲು ಬಂದ ಮಲಮಗ ಕ್ಲಾಟನನದು. ಅವನು ತೊಟ್ಟಿರುವುದು ಅವಳ ಗಂಡನ ಉಡುಪು. ಬಟ್ಟೆಯನ್ನು ನೋಡಿ ಅವಳು ಗಂಡನೇ ಸತ್ತನೆಂದು ನಂಬುತ್ತಾಳೆ. ತನ್ನನ್ನು ಕೊಲ್ಲಲು ಆಜ್ಞೆ ಮಾಡಿದವನೆಂದು ಗೊತ್ತಿದ್ದೂ ಅವನ ನೆತ್ತರನ್ನು ಮುಖಕ್ಕೆ ಬಳಿದುಕೊಂಡು ಅವನ ಮೇಲೆ ಬೀಳುತ್ತಾಳೆ. ನಾಟಕ ಇಲ್ಲಿ ಕ್ರೂರವಾದ ಒಂದು ಹಾಸ್ಯವನ್ನು ಮಾಡುತ್ತಿದೆ. ಪ್ರೇಕ್ಷಕನಿಗೆ ಹೆಣ ಯಾರದೆಂದು ಗೊತ್ತು. ಆದರೂ ನಗಲಾಗುವುದಿಲ್ಲ. ಗುರುತು ತಪ್ಪಿದರೂ ದುಃಖ ಸುಳ್ಳಲ್ಲ. ತಪ್ಪು ಹೆಸರಿನ ಮೇಲೂ ನಿಜವಾದ ಪ್ರೀತಿ ನಿಲ್ಲಬಹುದೆಂಬುದನ್ನು ಈ ದೃಶ್ಯ ತೋರಿಸಿಕೊಡುತ್ತದೆ. ಅಕ್ಷರ ತಪ್ಪಿ ಹುಟ್ಟಿದ ಹೆಸರನ್ನು ಓದುಗರು ಪ್ರೀತಿಸಿದ ಬಗೆಯೂ ಇದೇ ಅಲ್ಲವೆ?

ಹಾಗೆಂದು ಅವಳನ್ನು ಪೂಜಿಸಿದವರ ಮಾತೆಲ್ಲವನ್ನೂ ಒಪ್ಪಬೇಕಾಗಿಲ್ಲ. ಹ್ಯಾಜ್ಲಿಟ್ ತನ್ನ ಷೇಕ್ಸ್‌ಪಿಯರ್ ಪಾತ್ರಗಳ ವಿಚಾರದ ಪುಸ್ತಕವನ್ನು 1817ರಲ್ಲಿ ಪ್ರಕಟಿಸಿದಾಗ ಸಿಂಬೆಲಿನ್ನಿನಿಂದಲೇ ಆರಂಭಿಸಿದ. ಸ್ವಿನ್‌ಬರ್ನ್ 1880ರ ತನ್ನ ವಿಮರ್ಶಾಗ್ರಂಥವನ್ನು ಇಮೊಜೆನ್ ಹೆಸರಿನಿಂದಲೇ ಮುಗಿಸಿದ. ಟೆನಿಸನ್ 1892ರಲ್ಲಿ ಸಾಯುವ ಕಾಲಕ್ಕೆ ಈ ನಾಟಕವನ್ನು ಕೇಳಿ ತರಿಸಿಕೊಂಡ. ಅದನ್ನು ಅವನ ದೇಹದೊಡನೆ ಇಟ್ಟೇ ಸಮಾಧಿ ಮಾಡಿದರು. ಇವರ ನಡುವೆ ಬರ್ನಾರ್ಡ್ ಷಾ ಒಬ್ಬನೇ ತಣ್ಣೀರೆರಚಿದವನು. 1896ರಲ್ಲಿ ಎಲೆನ್ ಟೆರಿ ಆ ಪಾತ್ರವನ್ನು ವಹಿಸುವ ಸಂದರ್ಭದಲ್ಲಿ ಅವನು, ನಾಟಕದಲ್ಲಿ ಇಬ್ಬರು ಇಮೊಜೆನ್‌ಗಳಿದ್ದಾರೆಂದ: ಒಬ್ಬಳು ಜೀವಂತ ಹೆಣ್ಣು, ಇನ್ನೊಬ್ಬಳು ಸದ್ಗುಣದ ಗೊಂಬೆ. ಷಾನ ಮಾತಿನಲ್ಲಿ ಸತ್ಯವಿದೆ. ಪೂಜಕರು ಗೊಂಬೆಯನ್ನು ಮೆರೆಸಿದರು. ನನ್ನನ್ನು ಹಿಡಿದು ನಿಲ್ಲಿಸುವವಳು ಸೇವಕನನ್ನು ಪ್ರಶ್ನೆಗಳಿಂದ ಕಾಡುವವಳು, ಕ್ಲಾಟನನನ್ನು ಗಂಡನ ಹರಕು ಬಟ್ಟೆಗೂ ಸಮನಲ್ಲವೆಂದು ಜರೆಯುವವಳು, ಹಸಿದು ಗುಹೆಗೆ ನುಗ್ಗಿ ಕಂಡವರ ಅನ್ನ ತಿನ್ನುವವಳು. ಹೆಸರಿಗೆ ಅರ್ಥ ಕೊಟ್ಟವಳು ಅವಳು.

ಹತ್ತೊಂಬತ್ತನೆಯ ಶತಮಾನದ ಈ ಅಭಿಮಾನದಿಂದಲೇ ಇಮೊಜೆನ್ ನಾಟಕದಿಂದ ಇಳಿದು ತೊಟ್ಟಿಲಿಗೆ ಬಂತು. ಹೀಗೆ ಕಾವ್ಯದಿಂದ ತೊಟ್ಟಿಲಿಗೆ ಬಂದ ಹೆಸರುಗಳು ಇಂಗ್ಲಿಷಿನಲ್ಲಿ ಇನ್ನೂ ಇವೆ. ಪಮೇಲ ಎಂಬುದನ್ನು ಸರ್ ಫಿಲಿಪ್ ಸಿಡ್ನಿ ತನ್ನ ‘ಆರ್ಕೇಡಿಯ’ಕ್ಕಾಗಿ ಕಟ್ಟಿದ, ರಿಚರ್ಡ್‌ಸನ್ 1740ರಲ್ಲಿ ಆ ರಾಜಕುಮಾರಿಯ ಹೆಸರನ್ನು ಒಬ್ಬ ಕೆಲಸದ ಹುಡುಗಿಗೆ ಕೊಟ್ಟು ಜನರ ಬಾಯಿಗೆ ತಂದ. ವೆನೆಸ ಎಂಬುದನ್ನು ಸ್ವಿಫ್ಟ್ ತನ್ನ ಗೆಳತಿಯ ಮನೆಹೆಸರಿನ ತುಣುಕಿಗೆ ಅವಳ ಮುದ್ದುಹೆಸರನ್ನು ಅಂಟಿಸಿ ಮಾಡಿದ. ಸೆಡ್ರಿಕ್ ಎಂಬುದು ಸ್ಕಾಟನ 1819ರ ‘ಐವನ್‌ಹೊ’ ಕಾದಂಬರಿಯಿಂದ ಬಂದದ್ದು. ಸೆರ್ಡಿಕ್ ಎಂಬ ಹಳೆಯ ಅರಸನ ಹೆಸರಿನ ಅಕ್ಷರಗಳು ಸ್ಥಳ ಬದಲಾಯಿ ಅದು ಹುಟ್ಟಿರಬೇಕೆಂದು ವಿದ್ವಾಂಸರು ಹೇಳುತ್ತಾರೆ. ಇವುಗಳಲ್ಲಿ ಯಾವುದೂ ಬೇರಿನಿಂದ ಬೆಳೆದ ಗಿಡವಲ್ಲ. ಎಲ್ಲವೂ ಕಸಿಯ ಗಿಡಗಳು.

ಇಮೊಜೆನ್ ಎಂಬ ಹೆಸರನ್ನು ಹೊತ್ತ ಒಬ್ಬಾಕೆಯ ಮಾತು ನಮಗೆ ಹತ್ತಿರವಾದುದು. ಇಂಗ್ಲಿಷ್ ಸಂಗೀತ ರಚನಕಾರ ಗುಸ್ಟಾವ್ ಹೋಲ್ಸ್ಟ್ ಸಂಸ್ಕೃತವನ್ನು ಕಲಿತು ಋಗ್ವೇದದ ಸೂಕ್ತಗಳನ್ನು ಇಂಗ್ಲಿಷಿಗೆ ತಂದು ರಾಗಕ್ಕೆ ಹಾಕಿದವನು. 1906ರಲ್ಲಿ ‘ಸೀತಾ’ ಎಂಬ ಗೀತನಾಟಕವನ್ನು ಮುಗಿಸಿದ. 1908ರಲ್ಲಿ ಮಹಾಭಾರತದ ಕಥೆಯಿಂದ ‘ಸಾವಿತ್ರಿ’ಯನ್ನು ಬರೆದ. ಇವೆರಡರ ನಡುವೆ, 1907ರಲ್ಲಿ, ಅವನಿಗೆ ಒಬ್ಬ ಮಗಳು ಹುಟ್ಟಿದಳು. ಅವಳೇ ಇಮೊಜೆನ್ ಹೋಲ್ಸ್ಟ್, ಮುಂದೆ ತಾನೂ ಸಂಗೀತಗಾರ್ತಿಯಾಗಿ 1950-51ರಲ್ಲಿ ಶಾಂತಿನಿಕೇತನಕ್ಕೆ ಬಂದು ನಮ್ಮ ಸಂಗೀತವನ್ನು ಅಭ್ಯಾಸ ಮಾಡಿದವಳು, 1984ರಲ್ಲಿ ತೀರಿಕೊಂಡಳು. ತಂದೆ ಆ ಹೆಸರನ್ನು ಏಕೆ ಆರಿಸಿದನೆಂದು ಊಹೆ ಕಟ್ಟುವುದು ನನ್ನ ಉದ್ದೇಶವಲ್ಲ. ಶೀಲದ ಮೇಲೆ ಶಂಕೆಗೊಳಗಾದ ಸೀತೆ, ಗಂಡನನ್ನು ಸಾವಿನಿಂದ ಹಿಂದಕ್ಕೆ ತಂದ ಸಾವಿತ್ರಿ, ಇವರಿಬ್ಬರ ನಡುವೆ ಇಮೊಜೆನ್ ಎಂಬ ಹೆಸರು ಬಂದು ಕುಳಿತಿರುವುದನ್ನು ನೋಡಿದಾಗ ನಮ್ಮ ಓದುಗನಿಗೆ ಅದು ಪರಕೀಯವೆಂದು ತೋರುವುದಿಲ್ಲವೆಂದಷ್ಟೇ ಹೇಳುತ್ತೇನೆ.

ಸಾವಿತ್ರಿಯ ಹೆಸರನ್ನೇ ನೋಡಿ. ಸವಿತೃವಿಗೆ ಸಂಬಂಧಿಸಿದವಳು ಎಂದು ವ್ಯಾಕರಣ ಹೇಳುತ್ತದೆ. ದೇವಿ ಸಾವಿತ್ರಿಯ ವರದಿಂದ ಹುಟ್ಟಿದಳಾದ್ದರಿಂದ ಅಶ್ವಪತಿ ಆ ಹೆಸರಿಟ್ಟನೆಂದು ಕಥೆ ಹೇಳುತ್ತದೆ. ಇದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ಆದರೂ ನಮ್ಮ ಮನೆಗಳಲ್ಲಿ ಆ ಹೆಸರನ್ನು ಇಡುವವರು ಸೂರ್ಯನನ್ನು ನೆನೆಯುವುದಿಲ್ಲ. ಯಮನ ಬೆನ್ನುಹತ್ತಿ ನಡೆದವಳನ್ನು ನೆನೆಯುತ್ತಾರೆ. ಕರ್ಣ ಎಂದರೆ ಕಿವಿ. ಆದರೆ ನಮಗೆ ಕೇಳುವುದು ಕೊಡುಗೈಯ ಮಾತು. ವ್ಯುತ್ಪತ್ತಿ ಖಚಿತವಾಗಿರುವಲ್ಲಿಯೇ ಹೀಗಾದರೆ, ವ್ಯುತ್ಪತ್ತಿ ಮಸುಕಾಗಿರುವ ಇಮೊಜೆನ್ನಿನ ವಿಷಯದಲ್ಲಿ ಹೇಳುವುದೇನು? ಬೇರು ಹೆಸರಿಗೆ ಹುಟ್ಟನ್ನು ಕೊಡುತ್ತದೆ. ಅರ್ಥವನ್ನು ಕೊಡುವವರು ಅದನ್ನು ಹೊತ್ತು ಬಾಳಿದವರು.

ಇದನ್ನು ಒತ್ತಿ ಹೇಳಲು ನನಗೊಂದು ಕಾರಣವಿದೆ. ಪದದ ಧಾತುವನ್ನು ಹೇಳಿದೊಡನೆ ಪದ್ಯದ ಅರ್ಥ ಹೇಳಿಯಾಯಿತೆಂದು ತಿಳಿಯುವ ಅಭ್ಯಾಸ ನಮ್ಮ ಕನ್ನಡ ತರಗತಿಗಳಲ್ಲಿ ಇನ್ನೂ ಹೋಗಿಲ್ಲ. ವಿದ್ಯಾರ್ಥಿ ತತ್ಸಮ ತದ್ಭವಗಳನ್ನು ಬರೆದುಕೊಂಡು ಪುಸ್ತಕ ಮುಚ್ಚುತ್ತಾನೆ. ಪದ್ಯ ಹಾಗೆಯೇ ಹೊರಗೆ ನಿಂತಿರುತ್ತದೆ. ಇದಕ್ಕೆ ಎದುರಾಗಿ, ಹುಟ್ಟಿನ ಗೊಡವೆಯೇ ಬೇಡ, ನಮಗೆ ತೋರಿದ್ದೇ ಅರ್ಥ ಎನ್ನುವ ಸೋಮಾರಿತನವೂ ಈಗ ಬೆಳೆಯುತ್ತಿದೆ. ಎರಡೂ ಕಾವ್ಯಕ್ಕೆ ಅಪಚಾರವೇ. ಒಂದು ಕವಿಯನ್ನು ನಿಘಂಟಿಗೆ ಒಪ್ಪಿಸುತ್ತದೆ. ಇನ್ನೊಂದು ಅವನನ್ನು ಓದುಗನ ಚಪಲಕ್ಕೆ ಒಪ್ಪಿಸುತ್ತದೆ.

2016ರಲ್ಲಿ ಇಂಗ್ಲೆಂಡಿನಲ್ಲಿ ಒಂದು ವಿನೋದ ನಡೆಯಿತು. ರಾಯಲ್ ಷೇಕ್ಸ್‌ಪಿಯರ್ ಕಂಪನಿಯವರು ಈ ನಾಟಕವನ್ನು ಆಡಿದಾಗ ನಾಯಿಕೆ ಇನ್ನೊಜೆನ್ ಆಗಿದ್ದಳು. ಅದೇ ವರ್ಷ ಲಂಡನ್ನಿನ ಗ್ಲೋಬ್ ರಂಗಮಂದಿರದವರು ಅದನ್ನೇ ಆಡಿದಾಗ ಅವಳು ಇಮೊಜೆನ್ ಆಗಿದ್ದಳು. ಅಷ್ಟೇ ಅಲ್ಲ, ನಾಟಕದ ಹೆಸರನ್ನೇ ತೆಗೆದು ‘ಇಮೊಜೆನ್’ ಎಂದು ಇಟ್ಟರು. ತಂದೆಯ ಹೆಸರಿನ ನಾಟಕ ಮಗಳ ಹೆಸರಿಗೆ ತಿರುಗಿತು. ಯಾರು ಸರಿ? ಕವಿ ಬರೆದದ್ದನ್ನು ಕೊಡಲು ಹೊರಟವರು ಇನ್ನೊಜೆನ್ ಎಂದದ್ದು ಸರಿ. ಪಾಠ ಕವಿಯ ಸ್ವತ್ತು, ಅದರಲ್ಲಿ ಲಿಪಿಕಾರನ ಗೀಟಿಗೆ ಪಾಲಿಲ್ಲ. ಸಂಪಾದಕನಿಗೆ ಇಲ್ಲಿ ದಾಕ್ಷಿಣ್ಯ ಸಲ್ಲದು. ಆದರೆ ನಾಲ್ಕು ಶತಮಾನಗಳ ಓದುಗರು ಕಂಡ ಹೆಣ್ಣನ್ನು ಕರೆಯಹೊರಟವರು ಇಮೊಜೆನ್ ಎಂದದ್ದೂ ಸರಿಯೇ. ನಮ್ಮ ‘ವಡ್ಡಾರಾಧನೆ’ಗೆ ನಿಜವಾದ ಹೆಸರು ಬೇರೆ ಇತ್ತೆಂದು ವಿದ್ವಾಂಸರು ವಾದಿಸಿದ್ದಾರೆ, ಆ ವಾದವನ್ನು ಪಾಠ ಹೇಳುವಾಗ ನಾವು ಬಿಡುವುದಿಲ್ಲ, ವಡ್ಡಾರಾಧನೆ ಎನ್ನುವುದನ್ನೂ ಬಿಡುವುದಿಲ್ಲ.

ನಾಮಕೋಶ ಬರೆಯುವವರಿಗೆ ಮಾತ್ರ ನನ್ನದೊಂದು ಬಿನ್ನಹ. ಆ ಒಂದು ಸಾಲನ್ನು ಅಳಿಸಿ ಹೀಗೆ ಬರೆಯಲಿ: ಇಮೊಜೆನ್, ಹೆಣ್ಣುಹೆಸರು, ಇನ್ನೊಜೆನ್ ಎಂಬುದನ್ನು ತಪ್ಪಾಗಿ ಓದಿದ್ದರಿಂದ 1623ರಲ್ಲಿ ಅಚ್ಚಿನಲ್ಲಿ ಹುಟ್ಟಿರಬೇಕು, ಮೂಲದಲ್ಲಿ ಹುಡುಗಿ ಎಂಬ ಅರ್ಥವಿತ್ತೆಂಬುದು ಊಹೆ, ಗಂಡ ಅಪನಂಬಿಕೆಯಿಂದ ಕೊಲ್ಲಹೊರಟರೂ ತಾನು ನಂಬಿಕೆ ಬಿಡದವಳು ಎಂಬುದು ಷೇಕ್ಸ್‌ಪಿಯರನಿಂದ ಬಂದ ಅರ್ಥ. ಸಾಲು ಸ್ವಲ್ಪ ಉದ್ದವಾದೀತು. ಆದರೆ ಹೆಸರನ್ನು ಹುಡುಕಿಕೊಂಡು ಬಂದವರು ಹೋಗುವಾಗ ನಾಟಕದ ಕಡೆಗೆ ಒಮ್ಮೆ ತಿರುಗಿ ನೋಡಿಯಾರು.